ನಾಲ್ಕು ಡಿಗ್ರಿ

ಫರ್ವಾನಿಯಾದ ಕ್ಲಿನಿಕ್ಕಿನಲ್ಲಿ ತೋಳಿಗೆ ಪಟ್ಟಿ ಸುತ್ತಿ
ಡಾಕ್ಟರಮ್ಮ ಎರಡು ಸಲ ಅಳೆದರು, ಯಂತ್ರವನ್ನೇ ಅನುಮಾನಿಸಿದಂತೆ.
ಗುಳಿಗೆ ಬರೆದು, ಪೆನ್ನು ಮುಚ್ಚಿ,
ಮಲಯಾಳಿ ಹಿಂದಿಯಲ್ಲಿ ಅಂದರು:
ದಿನಾ ಹತ್ತು ನಿಮಿಷ ಕೂರು. ಏನೂ ಮಾಡಬೇಡ.
ಉಸಿರು ಎಣಿಸು, ಸಾಕು.

ಎಣಿಸುವುದೇ ನನ್ನ ಕೆಲಸವೆಂದು ಹೇಳಲಿಲ್ಲ.

ಶುವೈಖ್ ಬಂದರಿನ ಬೆನ್ನಿಗೆ ನಮ್ಮ ಕೋಲ್ಡ್ ಸ್ಟೋರು.
ಹೊರಗೆ ನಲವತ್ತೊಂಬತ್ತು, ಒಳಗೆ ಸೊನ್ನೆಗಿಂತ ಇಪ್ಪತ್ತೆರಡು ಕೆಳಗೆ.
ರಬ್ಬರು ಪರದೆ ಸರಿಸಿದಾಗಲೆಲ್ಲ
ದಿನಕ್ಕೆ ಮೂವತ್ತು ಸಲ ದೇಶ ಬದಲಾಗುತ್ತದೆ.
ಬ್ರೆಜಿಲ್ಲಿನ ಕೋಳಿ, ಆಸ್ಟ್ರೇಲಿಯಾದ ಕುರಿ,
ಗುಜರಾತಿನ ಬೆಂಡೆಕಾಯಿ, ಹೆಚ್ಚಿದ್ದು, ಎಲ್ಲ ಒಂದೇ ಅಳತೆ.
ನಿಂತು ಬರೆದುಕೊಳ್ಳುತ್ತೇನೆ.
ಒಂದು ಸೊನ್ನೆ ಆಚೀಚೆಯಾದರೆ ಮೂರು ದಿನದ ಸಂಬಳ ಕಟ್.
ಮೇ ತಿಂಗಳಲ್ಲಿ ಆಚೀಚೆಯಾಯಿತು.
ಅಲ್ಲಿಂದ ಸ್ಕ್ಯಾನರು ಕೀ ಎಂದರೆ ಎದೆಯೂ ಕೀ ಎನ್ನುತ್ತದೆ,
ನಿದ್ದೆಯಲ್ಲೂ.

ಮೊದಲು ರೂಮಿನಲ್ಲಿ ಕೂತೆ. ಖೈತಾನ್, ಮೂರನೇ ಮಹಡಿ, ಮೇಲಿನ ಮಂಚ.
ಬೆನ್ನು ನೆಟ್ಟಗಾದರೆ ತಲೆ ಸೂರಿಗೆ ತಾಗುತ್ತದೆ;
ಬಗ್ಗಿಯೇ ಕೂತೆ. ಒಂದು, ಎರಡು, ಮೂರು…
ಹದಿನಾಲ್ಕಕ್ಕೆ ಬರುವಷ್ಟರಲ್ಲಿ ಉಸಿರು ಕೋಳಿಯಾಗಿ
ಪ್ಯಾಲೆಟ್ ಹತ್ತಿ ಕೂತಿತ್ತು.
ಕೆಳಗಿನ ಮಂಚದಿಂದ ಶಫೀಕುಲ್: ಏನು ಮಾಡ್ತಿದ್ದೀ?
ಸುಮ್ಮನೆ, ಎನ್ನಲು ಹೋದೆ.
ಹಿಂದಿಯಲ್ಲಿ ತಡಕಿದೆ, ಸಿಗಲಿಲ್ಲ;
ನನಗೆ ಬರುವ ಇಪ್ಪತ್ತು ಅರಬ್ಬಿ ಮಾತಿನಲ್ಲೂ ಇರಲಿಲ್ಲ.
ಮಾತಾಡದೆ ಇರುವುದು, ಕಾರಣವಿಲ್ಲದೆ ಇರುವುದು,
ಕಾಸಿಲ್ಲದೆ ಸಿಗುವುದು,
ಮೂರಕ್ಕೂ ಒಂದೇ ಶಬ್ದವಿಟ್ಟ ಭಾಷೆಯವನು
ಕೊನೆಗೆ ಹೇಳಿದ್ದು: ಸೊಂಟ ನೋವು.

ನಲವತ್ತು ನಿಮಿಷ ಒಳಗಿದ್ದರೆ ಹತ್ತು ನಿಮಿಷ ಬಿಡುವು.
ಎಲ್ಲರೂ ಹೊರಗೆ ಓಡುತ್ತಾರೆ, ಸಿಗರೇಟಿಗೆ, ಫೋನಿಗೆ.
ಒಂದು ದಿನ ನಡುಕೋಣೆಯಲ್ಲೇ ಉಳಿದೆ. ಅಲ್ಲಿ ನಾಲ್ಕು ಡಿಗ್ರಿ.
ಖರ್ಜೂರದ ಕ್ರೇಟು ಮಗುಚಿ ಕೂತೆ.
ಮೂಗಿನ ಮುಂದೆ, ಬಿಳಿ,
ಬಂತು, ಹೋಯಿತು.
ಐದು ವರ್ಷದಿಂದ ಎದುರಿಗೇ ಇತ್ತು, ಕಂಡಿರಲಿಲ್ಲ.
ಯಾವ ಟ್ರಕ್ಕಿಗೂ ಹತ್ತದ್ದು, ಬಿಲ್ಲಿಲ್ಲದ್ದು,
ಬರೆದುಕೊಳ್ಳುವ ಮೊದಲೇ ಕರಗುವಂಥದ್ದು.

ದಿನಾ ಕೂತೆ ಎಂದರೆ ಸುಳ್ಳು.
ರಂಜಾನಿನ ಮುಂಚಿನ ವಾರ ಹನ್ನೊಂದು ಕಂಟೇನರು, ಒಂದು ಉಸಿರೂ ಇಲ್ಲ.
ಒಮ್ಮೆ ಕೂತಲ್ಲೇ ನಿದ್ದೆ; ಫೋರ್‌ಮನ್ ಸಬ್ರಿ ಬೂಟಿನಿಂದ ಕ್ರೇಟು ತಟ್ಟಿದ.
ಒಮ್ಮೆ ಅಳು ಬಂತು, ಯಾತಕ್ಕೋ.
ಗ್ಲೌಸಿನಲ್ಲಿ ಮೂಗೊರೆಸಿ ಒಳಗೆ ಹೋದೆ.
ಮತ್ತೆ ಒಂದರಿಂದ.

ಗಂಗೊಳ್ಳಿಯ ಐಸ್ ಪ್ಲಾಂಟಿನಲ್ಲಿ ನಾನು ಹುಡುಗನಾಗಿದ್ದಾಗ
ನೀರಿನ ಡಬ್ಬಿ ಉಪ್ಪುನೀರಿಗೆ ಇಳಿಬಿಟ್ಟು ಮಾರನೇ ದಿನದವರೆಗೆ ಕಾಯಬೇಕಿತ್ತು.
ಮುಚ್ಚಳ ಎತ್ತಿ ಎತ್ತಿ ನೋಡುತ್ತಿದ್ದೆ.
ಬಾಬಣ್ಣ ಖಾರ್ವಿ ಗದರುತ್ತಿದ್ದ:
ನೀ ಕಂಡ್ರೆ ಅದ್ ಬೇಗ ಗಟ್ಟಿ ಆತ್ತಾ?
ಅಂಚಿನಿಂದ ಕಟ್ಟುತ್ತ ಬರುತ್ತದೆ ಮಂಜು,
ನಡು ಕಟ್ಟುವುದು ಎಲ್ಲಕ್ಕಿಂತ ಕೊನೆಗೆ.

ಈಗೀಗ ತೇಕ್ ಪುನ್ ಇನ್ನೊಂದು ಕ್ರೇಟು ಎಳೆದು ಪಕ್ಕ ಕೂರುತ್ತಾನೆ.
ಅವನು ಕೇಳಲಿಲ್ಲ, ನಾನು ಹೇಳಲಿಲ್ಲ.
ಅವನ ಉಸಿರು ನನ್ನದಕ್ಕಿಂತ ಉದ್ದ. ಗುಡ್ಡದವನು.

ಸ್ಕ್ಯಾನರು ಇವತ್ತೂ ಕೀ ಎಂದಿತು. ಎದೆಯೂ,
ಆದರೆ ಒಂದಿಷ್ಟು ತಡವಾಗಿ.

ಸಂಜೆ ಬಸ್ಸು ನಾಲ್ಕನೇ ರಿಂಗ್ ರೋಡಿನಲ್ಲಿ; ಕಿಟಕಿಯ ಗಾಜು ಸುಡುತ್ತದೆ.
ಈ ಸೆಖೆಯಲ್ಲಿ ಉಸಿರು ಕಾಣುವುದಿಲ್ಲ.
ಇದೆಯೋ ಎಂದು ಬಾಯೆದುರು ಅಂಗೈ ಹಿಡಿದಿದ್ದೆ.
ಶಫೀಕುಲ್ ಏನೆಂದುಕೊಂಡನೋ,
ಜೇಬಿನಿಂದ ಎರಡು ಲವಂಗ ತೆಗೆದು ಕೊಟ್ಟ:
ತಿನ್ನು ಭಾಯಿ, ಎಲ್ಲರಿಗೂ ವಾಸನೆ ಬರುತ್ತೆ.
ಕಚ್ಚಿದೆ. ಉಸಿರೆಳೆದೆ. ಖಾರ.

ಒಂದು.